ಒಗ್ಗರಣೆಗೆ ಕೂಗುವ ಅಲಾರ್ಮ್: ಬಾಯಿ ಮುಚ್ಚಿಸಬೇಡಿ, ಸರಿ ಮಾಡಿಸಿ
(ಬ್ರಿಟನ್‌ನಲ್ಲಿರುವ ಕನ್ನಡ ಕೆಲಸಗಾರರ ಸಭೆಯಲ್ಲಿ ನೀಡಿದ ಮಾತು)

ರಾತ್ರಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರೂ ಇದ್ದೀರಿ. ಹಾಗಾಗಿ ಸುತ್ತಿ ಬಳಸದೆ ವಿಷಯಕ್ಕೆ ಬರ್ತೀನಿ.

ಇವತ್ತು ಮನೆಗೆ ಹೋದ ತಕ್ಷಣ ತಲೆ ಎತ್ತಿ ಸೀಲಿಂಗ್ ನೋಡಿ. ಅಲ್ಲಿರುವ ಬಿಳಿ ದುಂಡನೆಯ ಡಬ್ಬಿಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದೀರಾ? ಅದರ ಬ್ಯಾಟರಿ ಡ್ರಾಯರ್‌ನಲ್ಲಿ ಬಿದ್ದಿದೆಯಾ? ಕಾರಣ ಎಲ್ಲರಿಗೂ ಗೊತ್ತು. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಘಾಟು ಎದ್ದರೆ ಸಾಕು, ಅಲಾರ್ಮ್ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತೆ. ಪಕ್ಕದ ರೂಮಿನಲ್ಲಿ ಹಗಲು ನಿದ್ದೆ ಮಾಡ್ತಿರೋರು ಎದ್ದು ಬೈತಾರೆ. ನಾಲ್ಕು ಸಲ ಹೀಗಾದ ಮೇಲೆ ಯಾರೋ ಒಬ್ಬರು ಕುರ್ಚಿ ಹತ್ತಿ ಬ್ಯಾಟರಿ ಕಿತ್ತುಬಿಡ್ತಾರೆ.

ಒಂದು ಮಾತು ನೆನಪಿಡಿ. ನಿದ್ದೆಯಲ್ಲಿದ್ದಾಗ ಹೊಗೆಯ ವಾಸನೆ ನಮ್ಮನ್ನು ಎಬ್ಬಿಸುತ್ತೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಅದು ಮಲಗಿದವರ ಪ್ರಜ್ಞೆಯನ್ನೇ ತಪ್ಪಿಸುತ್ತದೆ. ಮಲಗಿದವರ ಪರವಾಗಿ ಎಚ್ಚರ ಇರುವುದು ಆ ಡಬ್ಬಿ ಒಂದೇ. ಮನೆಯಲ್ಲಿ ಆರು ಜನ ಬೇರೆ ಬೇರೆ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದರೆ, ಯಾವ ಹೊತ್ತಿಗೂ ಯಾರಾದರೊಬ್ಬರು ಮಲಗಿರುತ್ತಾರೆ.

ತಪ್ಪು ಒಗ್ಗರಣೆಯದ್ದಲ್ಲ, ಅಲಾರ್ಮ್‌ನದ್ದೂ ಅಲ್ಲ. ತಪ್ಪು ಜಾಗದಲ್ಲಿ ತಪ್ಪು ಅಲಾರ್ಮ್ ಇದೆ, ಅಷ್ಟೆ. ಸ್ಮೋಕ್ ಅಲಾರ್ಮ್ ಇರಬೇಕಾದದ್ದು ಓಡಾಡುವ ಹಾದಿಯಲ್ಲಿ, ಮೆಟ್ಟಿಲ ಮೇಲಿನ ಜಾಗದಲ್ಲಿ, ಕೂರುವ ಕೋಣೆಯಲ್ಲಿ. ಅಡುಗೆಮನೆಗೆ ಬೇಕಾದದ್ದು ಹೀಟ್ ಅಲಾರ್ಮ್. ಅದು ಹೊಗೆಗೆ ಕೂಗುವುದಿಲ್ಲ, ಸೀಲಿಂಗ್ ಹತ್ತಿರದ ಬಿಸಿ ಸಾಮಾನ್ಯವಾಗಿ 58 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿದಾಗ ಕೂಗುತ್ತದೆ. ಮೆಣಸಿನಕಾಯಿ ಘಾಟಿಗೆ ಅದು ಸುಮ್ಮನಿರುತ್ತದೆ, ಬಾಣಲೆಗೆ ಬೆಂಕಿ ಹತ್ತಿ ಬಿಸಿ ಏರಿದರೆ ಎಚ್ಚರಿಸುತ್ತದೆ.

ಹಾಗಾದರೆ ಇದನ್ನು ಯಾರು ಹಾಕಿಸಬೇಕು? ಬಾಡಿಗೆ ಮನೆಯಾದರೆ ಮಾಲೀಕರು. ಇಂಗ್ಲೆಂಡಿನಲ್ಲಿ 2015ರ ನಿಯಮ, 2022ರ ಅಕ್ಟೋಬರ್ 1ರಿಂದ ಬಿಗಿಯಾಗಿದೆ. ಜನ ವಾಸಿಸುವ ಪ್ರತಿ ಅಂತಸ್ತಿನಲ್ಲೂ ಒಂದಾದರೂ ಸ್ಮೋಕ್ ಅಲಾರ್ಮ್ ಇರಬೇಕು. ಗ್ಯಾಸ್ ಬಾಯ್ಲರ್‌ನಂಥದ್ದು ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಇರಬೇಕು; ಬರೀ ಗ್ಯಾಸ್ ಒಲೆ ಇದ್ದರೆ ಕಾನೂನು ಅದನ್ನು ಕೇಳುವುದಿಲ್ಲ. ಕೆಟ್ಟಿದೆ ಎಂದು ನೀವು ತಿಳಿಸಿದ ಮೇಲೆ ಮಾಲೀಕರು ಸರಿ ಮಾಡಿಸಬೇಕು, ಇಲ್ಲವೇ ಬದಲಿಸಬೇಕು. ಮಾಲೀಕರ ಜೊತೆ ಅವರದೇ ಮನೆಯಲ್ಲಿ ಒಂದು ರೂಮು ಹಿಡಿದವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರವರಿಯಿಂದ ಇನ್ನೂ ಕಟ್ಟುನಿಟ್ಟು: ಕೂರುವ ಕೋಣೆ, ಪ್ರತಿ ಅಂತಸ್ತಿನ ಹಾದಿ, ಅಡುಗೆಮನೆಯ ಹೀಟ್ ಅಲಾರ್ಮ್, ಎಲ್ಲವೂ ಒಂದಕ್ಕೊಂದು ಜೋಡಿಸಿರಬೇಕು. ಒಂದು ಕೂಗಿದರೆ ಎಲ್ಲವೂ ಕೂಗಬೇಕು.

ನಿಮ್ಮ ಕಡೆಯ ಕೆಲಸವೂ ಇದೆ. ಅಲಾರ್ಮ್ ಆಗಾಗ ಒಂದೊಂದೇ ಸಲ 'ಚಿರ್' ಅಂದರೆ ಸಾಮಾನ್ಯವಾಗಿ ಬ್ಯಾಟರಿ ಮುಗಿಯುತ್ತಿದೆ ಅಂತ ಅರ್ಥ. ಬದಲಿಸಬಹುದಾದ ಬ್ಯಾಟರಿ ಆದರೆ ಬದಲಿಸಿ. ಆಮೇಲೂ ಸರಿಯಾಗದಿದ್ದರೆ, ಅಥವಾ ನಿಮ್ಮ ಕೈಲಿ ಆಗದಿದ್ದರೆ, ಮಾಲೀಕರಿಗೆ ಬರೆದು ತಿಳಿಸಿ. ಬಾಯಿಮಾತಲ್ಲಿ ಬೇಡ, ಇಮೇಲ್ ಅಥವಾ ಮೆಸೇಜ್ ಇರಲಿ. ಯಾವ ಕೋಣೆ, ಯಾವತ್ತಿನಿಂದ, ಬ್ಯಾಟರಿ ಬದಲಿಸಿ ನೋಡಿದ್ದು, ಒಂದು ಫೋಟೊ, ಇಷ್ಟು ಸಾಕು. ಅಡುಗೆಮನೆಯಲ್ಲಿ ಸ್ಮೋಕ್ ಅಲಾರ್ಮ್ ಇದ್ದರೆ, ಹೀಟ್ ಅಲಾರ್ಮ್ ಹಾಕಿಸಿಕೊಡಿ ಅಂತಲೂ ಕೇಳಿ. ಉತ್ತರ ಬರದಿದ್ದರೆ ಸ್ಥಳೀಯ ಕೌನ್ಸಿಲ್‌ಗೆ ದೂರು ಕೊಡಿ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ನೋಟಿಸ್ ಕೊಟ್ಟರೆ ಮಾಲೀಕರಿಗೆ 28 ದಿನದ ಗಡುವು. ತಪ್ಪಿದರೆ 5,000 ಪೌಂಡ್‌ವರೆಗೆ ದಂಡ ಬೀಳಬಹುದು.

ಕೇರ್ ಹೋಮ್‌ಗಳಲ್ಲಿ ದುಡಿಯುವ ಕೆಲವರ ಕಷ್ಟ ಬೇರೆ. ಕೆಲಸ ಕೊಟ್ಟವರೇ ಮನೆಯನ್ನೂ ಕೊಟ್ಟಿರುತ್ತಾರೆ, ವೀಸಾನೂ ಅವರ ಕೈಯಲ್ಲೇ ಇದೆ ಅನ್ನೋ ಅಳುಕು. ಅದಕ್ಕೇ ಬಾಯಿ ಬಿಡಲ್ಲ. ಅಲಾರ್ಮ್ ಕೆಟ್ಟಿದೆ ಎಂದು ಹೇಳುವುದು ಯಾವ ವೀಸಾ ನಿಯಮದ ಉಲ್ಲಂಘನೆಯೂ ಅಲ್ಲ. ಒಬ್ಬರೇ ಬರೆಯಲು ಹೆದರಿಕೆಯಾದರೆ ಮನೆಯವರೆಲ್ಲ ಹೆಸರು ಹಾಕಿ ಒಂದೇ ಪತ್ರ ಕಳಿಸಿ.

ಈಗ ಸಾಲ ಮಾಡಿ ಸ್ವಂತ ಮನೆ ಕೊಂಡವರ ವಿಷಯ. ಇಲ್ಲಿ ಎಲೆಕ್ಟ್ರಿಷಿಯನ್‌ನ ಕರೆಸುವುದು ನಿಮ್ಮದೇ ಹೊಣೆ. ಬರೀ ಬ್ಯಾಟರಿಯ ಅಲಾರ್ಮ್ ಆದರೆ ಸ್ಕ್ರೂ ಹಾಕಿ ನೀವೇ ಕೂರಿಸಬಹುದು. ಕರೆಂಟ್ ಲೈನಿಗೆ ಜೋಡಿಸಿದ್ದನ್ನು ಮುಟ್ಟಬೇಡಿ. ಅದರಲ್ಲಿರೋದು 230 ವೋಲ್ಟ್. 'ಊರಲ್ಲಿ ವೈರಿಂಗ್ ಮಾಡ್ತಿದ್ದೆ, ಐವತ್ತು ಪೌಂಡ್ ಕೊಡಿ ಸಾಕು' ಅನ್ನೋ ಸ್ನೇಹಿತರಿಗೂ ಕೈಮುಗಿದು ಬೇಡ ಅನ್ನಿ.

ಕರೆಸುವ ಮೊದಲು ಆ ಎಲೆಕ್ಟ್ರಿಷಿಯನ್ ಎನ್‌ಐಸಿಇಐಸಿ ಅಥವಾ ನ್ಯಾಪಿಟ್‌ನಂಥ ಸಂಸ್ಥೆಯಲ್ಲಿ ನೋಂದಾಯಿಸಿದ್ದಾರಾ ಅಂತ ಆ ಸಂಸ್ಥೆಯ ವೆಬ್‌ಸೈಟಿನಲ್ಲೇ ಹೆಸರು ಹುಡುಕಿ ನೋಡಿ. ವ್ಯಾನ್ ಮೇಲಿನ ಸ್ಟಿಕ್ಕರ್ ನಂಬಬೇಡಿ. ಇಬ್ಬರು ಮೂವರಿಂದ ಬರವಣಿಗೆಯಲ್ಲಿ ದರ ತರಿಸಿಕೊಳ್ಳಿ. ಅದರಲ್ಲಿ ಎಷ್ಟು ಅಲಾರ್ಮ್, ಯಾವ ಕೋಣೆಗೆ ಯಾವುದು, ಎಲ್ಲವೂ ಒಂದಕ್ಕೊಂದು ಜೋಡಣೆ ಆಗುತ್ತವೆಯೇ, ಕರೆಂಟ್ ಹೋದರೆ ನಡೆಸುವ ಬ್ಯಾಟರಿ ಒಳಗಿದೆಯೇ, ಸೀಲಿಂಗ್ ಕೊರೆದ ಜಾಗ ಮುಚ್ಚಿಕೊಡುತ್ತಾರೆಯೇ, ಇಷ್ಟೂ ಇರಬೇಕು. ಕೆಟ್ಟ ಒಂದನ್ನು ಮಾತ್ರ ಬದಲಿಸುವುದಾದರೆ ಉಳಿದವುಗಳ ಕಂಪನಿ, ಮಾದರಿ ತಿಳಿಸಿ. ಬೇರೆ ಕಂಪನಿಯದ್ದು ಹಳೆಯದರ ಜೊತೆ ಮಾತಾಡದೇ ಇರಬಹುದು. ಪೂರ್ತಿ ಹಣ ಮುಂಗಡ ಕೊಡಬೇಡಿ. ಕೆಲಸ ಮುಗಿದ ಮೇಲೆ ನಿಮ್ಮ ಎದುರೇ ಒಂದರ ಬಟನ್ ಒತ್ತಿಸಿ, ಎಲ್ಲವೂ ಕೂಗುತ್ತವೆಯೇ ಕೇಳಿಸಿಕೊಳ್ಳಿ. ವಿದ್ಯುತ್ ಕೆಲಸದ ಸರ್ಟಿಫಿಕೇಟ್ ಪಡೆದು ಮನೆಪತ್ರದ ಜೊತೆ ಇಡಿ. ಮನೆ ಮಾರುವಾಗ ವಕೀಲರು ಅದನ್ನು ಕೇಳಬಹುದು.

ಇಷ್ಟು ಖರ್ಚು ಈಗ ಆಗಲ್ಲ ಅನ್ನೋರು ನಿಮ್ಮ ಊರಿನ ಅಗ್ನಿಶಾಮಕ ಸೇವೆಗೆ ಅರ್ಜಿ ಹಾಕಿ. ಅಪಾಯ ಹೆಚ್ಚಿರುವ ಮನೆಗಳಿಗೆ ಅವರು ಉಚಿತವಾಗಿ ಬಂದು ನೋಡುತ್ತಾರೆ, ಅಗತ್ಯವಿದ್ದರೆ ಬ್ಯಾಟರಿ ಅಲಾರ್ಮ್ ಹಾಕಿಯೂ ಕೊಡುತ್ತಾರೆ. ವಯಸ್ಸಾದ ಅಪ್ಪ ಅಮ್ಮ ಊರಿಂದ ಬಂದಿದ್ದರೆ, ಕಿವಿ ಮಂದವಾದವರು ಮನೆಯಲ್ಲಿದ್ದರೆ ಅದನ್ನು ಹೇಳಿ. ದಿಂಬಿನಡಿ ಅದುರಿ ಎಬ್ಬಿಸುವ ಅಲಾರ್ಮ್ ಕೂಡ ಇದೆ.

ಕೊನೆಯದಾಗಿ ಮೂರು ಕೆಲಸ. ವಾರಕ್ಕೊಮ್ಮೆ ಬಟನ್ ಒತ್ತಿ. ಶುಕ್ರವಾರ ದೇವರ ದೀಪ ಹಚ್ಚುವ ರೂಢಿ ಇದ್ದರೆ ಅದರ ಜೊತೆಗೇ ಇಟ್ಟುಕೊಳ್ಳಿ. ಡಬ್ಬಿಯ ಅಂಚಿನಲ್ಲಿರುವ ತಾರೀಖು ನೋಡಿ; ಸಾಮಾನ್ಯವಾಗಿ ಅದರ ಆಯಸ್ಸು 10 ವರ್ಷ, ಅವಧಿ ಮುಗಿದಿದ್ದರೆ ಕೂಗಿದರೂ ಬದಲಿಸಿ. ನಿಜವಾಗಿ ಬೆಂಕಿ ಬಿದ್ದರೆ ಪಾಸ್‌ಪೋರ್ಟ್, ಚಿನ್ನ ಹುಡುಕುತ್ತಾ ನಿಲ್ಲಬೇಡಿ. ಎಲ್ಲರನ್ನೂ ಎಬ್ಬಿಸಿ, ಹೊರಗೆ ಬನ್ನಿ, 999ಕ್ಕೆ ಫೋನ್ ಮಾಡಿ. ಮತ್ತೆ ಒಳಗೆ ಹೋಗಬೇಡಿ.

ಕವರ್ ಕಟ್ಟಿದವರು ಇವತ್ತೇ ಬಿಚ್ಚಿ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯಿರಿ, ಅಡುಗೆಮನೆ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ. ಹೀಟ್ ಅಲಾರ್ಮ್ ಬರುವ ತನಕ ಅಷ್ಟು ಸಾಕು.