ಸೂರಿನ ನೀರು

ಮನೆಗೆ ಹೆಂಚು ಹೊದಿಸಿದೊಡನೆ ಮಳೆಯ ಚಿಂತೆ ತೀರಿತೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಇನ್ನೊಂದು ಚಿಂತೆ ಅಲ್ಲಿಂದಲೇ ಮೊದಲಾಗುತ್ತದೆ. ಮಾಡು ನೀರನ್ನು ತಡೆಯುವುದೇ ಹೊರತು ಇಲ್ಲವಾಗಿಸುವುದಿಲ್ಲ. ಎಲ್ಲೆಡೆ ಹರಡಿ ಬೀಳುವ ಮಳೆಯನ್ನು ಒಟ್ಟುಗೂಡಿಸಿ, ಸೂರಿನ ಅಂಚಿನಿಂದ ಒಂದೇ ಗೆರೆಯಲ್ಲಿ ಗೋಡೆಯ ಬುಡಕ್ಕೆ ಕೆಡಹುತ್ತದೆ.

ಶ್ರೋತೃಗಳು ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. 30 ಅಡಿ ಅಗಲ, 40 ಅಡಿ ಉದ್ದದ ನೆಲವನ್ನು ಮುಚ್ಚಿದ ಮಾಡಿನ ಮೇಲೆ ಒಂದು ಅಂಗುಲ ಮಳೆಯಾದರೆ 100 ಘನ ಅಡಿ, ಎಂದರೆ ಸುಮಾರು 2,800 ಲೀಟರು ನೀರು ಇಳಿಯುತ್ತದೆ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 30 ಅಂಗುಲ ಮಳೆ. ಇಷ್ಟು ನೀರು ವರ್ಷವರ್ಷವೂ ಒಂದೇ ಜಾಗವನ್ನು ಕೊರೆದರೆ ಮಣ್ಣು ಕದಲಿ ತಳಪಾಯ ಬರಿದಾಗುತ್ತದೆ. ನೆಲದಿಂದ ಸಿಡಿಯುವ ಹನಿಗಳು ಗೋಡೆಯ ಕೆಳಭಾಗವನ್ನು ನೆನೆಸುತ್ತವೆ. ಗಾರೆ ಉದುರುತ್ತದೆ, ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹತ್ತುತ್ತದೆ. ಮಣ್ಣಿನ ಗೋಡೆಯಾದರೆ ಅಪಾಯ ಇನ್ನೂ ಹೆಚ್ಚು. ಒಣಗಿದಾಗ ಕಲ್ಲಿನಂತಿರುವ ಮಣ್ಣು ನೆನೆದಾಗ ತನ್ನ ಭಾರವನ್ನೇ ತಾಳಲಾರದು. ಮಳೆಗಾಲದ ರಾತ್ರಿಗಳಲ್ಲಿ ಗೋಡೆ ಕುಸಿದು, ಮಲಗಿದ್ದವರು ಪ್ರಾಣ ಕಳೆದುಕೊಂಡ ವಾರ್ತೆಗಳನ್ನು ನಾವು ಎಷ್ಟು ಸಲ ಕೇಳಿಲ್ಲ!

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ತೊಟ್ಟಿಯ ಮನೆಗಳಲ್ಲಿ ಒಳಮಾಡುಗಳ ನೀರನ್ನು ನಡುವಣ ತೊಟ್ಟಿಗೆ ಇಳಿಸಿ, ಮೋರಿಯ ಮೂಲಕ ಹೊರಗೆ ಸಾಗಿಸುತ್ತಿದ್ದರು. ಮಲೆನಾಡಿನವರು ಅಡಕೆಯ ಮರವನ್ನು ಸೀಳಿ, ತಿರುಳು ತೆಗೆದು, ದಂಬೆ ಮಾಡಿ ಸೂರಿಗೆ ಕಟ್ಟುತ್ತಿದ್ದರು. ತಗಡಿನ ದೋಣಿ ಬಂದ ಮೇಲೆ ಸಾಧನ ಬದಲಾಯಿತು, ತತ್ತ್ವ ಬದಲಾಗಲಿಲ್ಲ.

ಆದರೆ ದೋಣಿಯನ್ನು ಕಟ್ಟಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯದು. ಅದಕ್ಕೆ ಹತ್ತು ಅಡಿಗೆ ಅರ್ಧ ಅಂಗುಲದಷ್ಟಾದರೂ ಇಳಿಜಾರಿರಬೇಕು. ಇಳಿಗೊಳವೆಯ ಬಾಯಿ ತಳಪಾಯದಿಂದ ದೂರಕ್ಕೆ ತೆರೆಯಬೇಕು. ನೆರೆಯವರ ಗೋಡೆಯ ಕಡೆಗಂತೂ ತೆರೆಯಕೂಡದು. ಎಲೆ, ಕಸ ತುಂಬಿ ಕಟ್ಟಿಕೊಂಡ ದೋಣಿ ಇಲ್ಲದ ದೋಣಿಗಿಂತಲೂ ಕೆಟ್ಟದ್ದು; ಏಕೆಂದರೆ ಅದು ಉಕ್ಕಿದಾಗ ನೀರು ಹೊರಕ್ಕೆ ಚಿಮ್ಮದೆ ಗೋಡೆಯನ್ನೇ ಹಿಡಿದು ಇಳಿಯುತ್ತದೆ. ಆದಕಾರಣ ಮುಂಗಾರಿಗೆ ಮೊದಲೊಮ್ಮೆ, ಮಳೆಗಾಲದ ನಡುವೆ ಮತ್ತೊಮ್ಮೆ ಏಣಿ ಹಾಕಿ ನೋಡತಕ್ಕದ್ದು.

ಮುಂದಿನ ಮಳೆ ಬಂದಾಗ ನಾವು ಕಿಟಕಿಯ ಬಳಿ ನಿಂತು ಅದರ ಸೊಬಗನ್ನು ಸವಿಯೋಣ. ಹಾಗೆಯೇ ಒಂದು ಗಳಿಗೆ ಕೊಡೆ ಹಿಡಿದು ಹೊರಗೆ ಹೋಗಿ, ನಮ್ಮ ಸೂರಿನ ನೀರು ಎಲ್ಲಿ ಬೀಳುತ್ತಿದೆಯೆಂಬುದನ್ನೂ ನೋಡೋಣ. ಮನೆಯ ಆಯುಷ್ಯ ಅಲ್ಲಿದೆ.