ಲೆಕ್ಕ ಕೇಳುವ ಹಕ್ಕು ನಮ್ಮದು
(ಶಿರಂಗಾಲದಲ್ಲಿ ವಿದ್ಯಾರ್ಥಿ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ನಮ್ಮ ಹಿರೀಕರು ಜೀತಕ್ಕಿದ್ದ ಕಾಲದಲ್ಲಿ ಲೆಕ್ಕದ ಪುಸ್ತಕ ಧಣಿಯ ಮನೆಯಲ್ಲಿರುತ್ತಿತ್ತು. ಎಷ್ಟು ಸಾಲ, ಎಷ್ಟು ಬಡ್ಡಿ, ಎಷ್ಟು ತೀರಿತು ಅನ್ನೋದನ್ನ ಅವನೇ ಬರೀತಿದ್ದ, ಅವನೇ ಓದಿ ಹೇಳ್ತಿದ್ದ. ನಮ್ಮವರು ಹೆಬ್ಬೆಟ್ಟು ಒತ್ತಿ ಬರೋರು. ಅಪ್ಪನ ಸಾಲ ಮಗನ ಕಾಲಕ್ಕೂ ತೀರುತ್ತಿರಲಿಲ್ಲ. 1976ರ ಜೀತ ನಿರ್ಮೂಲನ ಕಾಯ್ದೆ ಆ ಸಾಲಗಳನ್ನು ರದ್ದು ಮಾಡಿತು. ಆದರೆ ಪುಸ್ತಕ ತೆಗೀರಿ ಅನ್ನೋ ಧೈರ್ಯವನ್ನು ಕಾಯ್ದೆ ಕೊಡೋದಿಲ್ಲ. ಅದನ್ನ ನಾವೇ ತಂದುಕೊಳ್ಳಬೇಕು.

ಈಗ ನಮ್ಮ ಉದ್ಧಾರಕ್ಕೆ ಅಂತಲೇ ಹುಟ್ಟಿರುವ ಸಂಘ, ಸಂಸ್ಥೆ, ಟ್ರಸ್ಟುಗಳಿವೆ. ಕೆಲವು ಅನುದಾನಿತ ಹಾಸ್ಟೆಲ್ ನಡೆಸುತ್ತವೆ, ಕೆಲವು ಲೈನ್ ಮನೆ ಮಕ್ಕಳಿಗೆ ಪಾಠ ಹೇಳುತ್ತವೆ. ಒಳ್ಳೆ ಕೆಲಸ ಮಾಡುವವರೂ ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ಸಾರು ಯಾಕೆ ನೀರಾಯ್ತು ಅಂತ ಕೇಳಿದ ಹುಡುಗನಿಗೆ 'ಗ್ರಾಂಟು ಬಂದಿಲ್ಲ ಕಣೋ' ಅನ್ನುವ ಕಾರ್ಯದರ್ಶಿ, ತನಗೆ ತಿಂಗಳಿಗೆ ಎಷ್ಟು ಬರುತ್ತೆ ಅಂತ ಹೇಳ್ತಾನಾ? ಇಲ್ಲೇ ಶಿರಂಗಾಲದಲ್ಲಿ ಕಾವೇರಿ ಕೊಡಗು ಬಿಟ್ಟು ಕೆಳಗಿಳಿಯುತ್ತಾಳೆ. ಕನ್ನಂಬಾಡಿ ಕಟ್ಟೆಯಲ್ಲಿ ಅವಳ ನೀರು ಎಷ್ಟು ಅಡಿ ಅಂತ ಪೇಪರಿನಲ್ಲಿ ಹಾಕ್ತಾರೆ. ನೀರಿನ ಲೆಕ್ಕ ಊರಿಗೆಲ್ಲ ಗೊತ್ತು. ನಮ್ಮ ಹೆಸರಲ್ಲಿ ಹರಿಯುವ ದುಡ್ಡಿನ ಲೆಕ್ಕ ಮಾತ್ರ ನಮಗೆ ಗೊತ್ತಿಲ್ಲ.

ಕಾನೂನು ಏನು ಹೇಳುತ್ತೆ ನೋಡೋಣ. ಬಾಬಾಸಾಹೇಬರು 1924ರಲ್ಲಿ ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಅದು ನೋಂದಣಿಯಾದದ್ದು 1860ರ ಸಂಘಗಳ ಕಾಯ್ದೆಯ ಕೆಳಗೆ. ಆ ಕಾಯ್ದೆಯ 19ನೇ ಕಲಮಿನಲ್ಲಿ ಒಂದು ಮಾತಿದೆ: ಸಂಘ ರಿಜಿಸ್ಟ್ರಾರರಿಗೆ ಕೊಟ್ಟ ಕಾಗದಪತ್ರಗಳನ್ನು ಒಂದು ರೂಪಾಯಿ ಕೊಟ್ಟು ಯಾರು ಬೇಕಾದರೂ ನೋಡಬಹುದು. ಯಾರು ಬೇಕಾದರೂ! ಸದಸ್ಯನೇ ಆಗಿರಬೇಕು ಅಂತಿಲ್ಲ, ಇಂಥ ಜಾತಿ ಅಂತಿಲ್ಲ. ಬಿಳಿಯರು ಬರೆದ ಕಾಯ್ದೆಗೇ ಅಷ್ಟು ತಿಳಿದಿತ್ತು.

ನಮ್ಮ ರಾಜ್ಯದಲ್ಲಿರುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಅದರ 13ನೇ ಕಲಮಿನ ಪ್ರಕಾರ ಪ್ರತಿ ಸಂಘವೂ ವರ್ಷಕ್ಕೊಮ್ಮೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. 25ನೇ ಕಲಮಿನ ಪ್ರಕಾರ ಸಂಘದ ಸದಸ್ಯರಲ್ಲಿ ಮೂರರಲ್ಲೊಂದು ಪಾಲು ಜನ ಕೇಳಿದರೆ ವಿಚಾರಣೆ ನಡೆಸಲೇಬೇಕು. ಕೊಡಗಿನ ಮಟ್ಟಿಗೆ ಈ ಕಾಗದಗಳು ಮಡಿಕೇರಿಯ ಜಿಲ್ಲಾ ಕಚೇರಿಗೆ ಹೋಗುತ್ತವೆ. ಹಾಗಾಗಿ 'ಇದು ಖಾಸಗಿ ಸಂಸ್ಥೆ, ನೀವ್ಯಾರ್ರೀ ಕೇಳೋಕೆ' ಅಂದರೆ ಹೆದರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 2(ಎಫ್) ಕಲಮು ಹೇಳುತ್ತೆ: ಖಾಸಗಿ ಸಂಸ್ಥೆಯಿಂದ ಸರ್ಕಾರಿ ಅಧಿಕಾರಿ ಕಾನೂನಿನಡಿ ಪಡೆಯಬಹುದಾದ ಮಾಹಿತಿಯೂ ಮಾಹಿತಿಯೇ. 2013ರಲ್ಲಿ ಕೇರಳದ ತಲಪ್ಪಾಲಂ ಸಹಕಾರಿ ಬ್ಯಾಂಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸಹಕಾರ ಸಂಘಗಳೆಲ್ಲ ಸಾರ್ವಜನಿಕ ಪ್ರಾಧಿಕಾರಗಳಾಗುವುದಿಲ್ಲ ಅಂದಿತು. ಆದರೆ ರಿಜಿಸ್ಟ್ರಾರರ ಮೂಲಕ ಕೇಳುವ ಬಾಗಿಲನ್ನು ಮುಚ್ಚಲಿಲ್ಲ. 2019ರಲ್ಲಿ ಡಿ.ಎ.ವಿ. ಕಾಲೇಜು ಟ್ರಸ್ಟಿನ ಮೊಕದ್ದಮೆಯಲ್ಲಿ ಇನ್ನೂ ಮುಂದೆ ಹೋಯಿತು. ಸರ್ಕಾರದಿಂದ ಗಣನೀಯ ಹಣ ಪಡೆಯುವ ಸಂಸ್ಥೆ ನೇರವಾಗಿ ಈ ಕಾಯ್ದೆಗೆ ಒಳಪಡುತ್ತದೆ. ಗಣನೀಯ ಅಂದರೆ ಅರ್ಧಕ್ಕಿಂತ ಹೆಚ್ಚೇ ಇರಬೇಕಾಗಿಲ್ಲ. ಬಿಟ್ಟಿ ಜಾಗ ಕೊಟ್ಟಿದ್ದರೆ ಅದೂ ಲೆಕ್ಕಕ್ಕೆ ಬರಬಹುದು ಅಂದಿತು.

ಇಷ್ಟಾದರೂ ಒಂದು ಕಳ್ಳಗಂಡಿ ಇದೆ. ಆಡಿಟ್ ಲೆಕ್ಕದಲ್ಲಿ 'ಸಿಬ್ಬಂದಿ ವೇತನ' ಅಂತ ಒಂದೇ ಸಾಲು ಬರೆದುಬಿಡಬಹುದು. ಅಡುಗೆಯವಳ ಕೂಲಿ, ವಾರ್ಡನ್ನನ ಸಂಬಳ, ಕಾರ್ಯದರ್ಶಿಯ ಜೀಪಿನ ಡೀಸೆಲ್ಲು, ಎಲ್ಲಾ ಒಂದೇ ಗೋಣಿಚೀಲದಲ್ಲಿ. ಅಮೆರಿಕದಲ್ಲಿ ಇಂಥ ಸಂಸ್ಥೆಗಳಲ್ಲಿ ಬಹುಪಾಲು ವರ್ಷವರ್ಷವೂ 990 ಎಂಬ ಫಾರಂ ತುಂಬುತ್ತವೆ. ದೊಡ್ಡ ಸಂಸ್ಥೆ ಅದರಲ್ಲಿ ತನ್ನ ಮುಖ್ಯಸ್ಥರ ಹೆಸರು, ಅವರಿಗೆ ಕೊಟ್ಟ ಹಣ ಬರೆಯಬೇಕು, ಕೇಳಿದವರಿಗೆ ತೋರಿಸಬೇಕು. ನಮ್ಮಲ್ಲಿ ಕಾಯ್ದೆಯ 4(1)(ಬಿ) ಕಲಮು ಸಾರ್ವಜನಿಕ ಪ್ರಾಧಿಕಾರದ ಪ್ರತಿ ನೌಕರನ ತಿಂಗಳ ಸಂಬಳವನ್ನು ತಾನಾಗಿಯೇ ಪ್ರಕಟಿಸಬೇಕು ಅನ್ನುತ್ತೆ. ಗಣನೀಯ ಅನುದಾನ ತಿನ್ನುವ ಸಂಸ್ಥೆಗೂ ಇದೇ ಅಳತೆ ಹಿಡಿಯಿರಿ ಅಂತ ನಾವು ಕೇಳಬೇಕು.

ಸಂಬಳ ತಗೊಳ್ಳೋದು ಪಾಪ ಅಂತ ನಾವು ಹೇಳ್ತಿಲ್ಲ. ಸಂಬಳವಿಲ್ಲದೆ ಸೇವೆ ಮಾಡೋಕೆ ಮನೆಯಲ್ಲಿ ತೋಟ ಇರಬೇಕು. ತೋಟ ಇದ್ದವರೇ ಅಧ್ಯಕ್ಷರಾದರೆ ಕೂಲಿಯವರ ಮಗಳು ಯಾವತ್ತು ಮುಂದಾಳಾಗೋದು? ದುಡಿದವರಿಗೆ ಹೊಟ್ಟೆ ತುಂಬುವಷ್ಟು ಕೊಡಲಿ. ಕೊಟ್ಟದ್ದನ್ನು ಬಾಗಿಲಿಗೆ ಅಂಟಿಸಲಿ. ಅಡುಗೆಯವಳಿಗೆಷ್ಟು, ಕಾರ್ಯದರ್ಶಿಗೆಷ್ಟು ಅಂತ ಒಂದೇ ಹಾಳೆಯಲ್ಲಿ ಬರೆದರೆ ಸಮಾನತೆಯ ಭಾಷಣದಲ್ಲಿ ಎಷ್ಟು ಹುರುಳಿದೆ ಅಂತ ಮಕ್ಕಳೇ ಹೇಳ್ತಾರೆ.

ಇನ್ನೊಂದು ಎಚ್ಚರ. ಲೆಕ್ಕದ ಹೆಸರಲ್ಲಿ ಪ್ರಶ್ನೆ ಕೇಳುವ ಸಂಘಟನೆಗಳ ಕತ್ತು ಹಿಸುಕುವುದೂ ಉಂಟು. 2020ರ ತಿದ್ದುಪಡಿ ವಿದೇಶಿ ದೇಣಿಗೆಯಲ್ಲಿ ಆಡಳಿತ ಖರ್ಚಿನ ಮಿತಿಯನ್ನು ನೂರಕ್ಕೆ 50ರಿಂದ 20ಕ್ಕೆ ಇಳಿಸಿತು. ಅದೇ ಸರ್ಕಾರ 2022ರಲ್ಲಿ ಆ ಸಂಸ್ಥೆಗಳ ವಾರ್ಷಿಕ ಲೆಕ್ಕಗಳನ್ನು ತನ್ನ ಜಾಲತಾಣದಿಂದ ಜನರ ಕಣ್ಣಿಗೆ ಕಾಣದಂತೆ ತೆಗೆದುಹಾಕಿತು. ಅಂದರೆ ಸರ್ಕಾರಕ್ಕೆ ಲೆಕ್ಕ ಕೊಡಬೇಕು, ಜನ ನೋಡಬಾರದು! ನಾವು ಕೇಳೋದು ಜನರಿಗೆ ಕೊಡುವ ಲೆಕ್ಕ. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾಣಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಹಾಜರಿ ಪಟ್ಟಿಯನ್ನು ಹಳ್ಳಿಯವರ ಮುಂದೆ ಗಟ್ಟಿಯಾಗಿ ಓದಿದರು. ನಮ್ಮ ದುಡ್ಡು, ನಮ್ಮ ಲೆಕ್ಕ ಅಂದರು. ಮಾಹಿತಿ ಹಕ್ಕು ಹುಟ್ಟಿದ್ದು ಅಂಥ ಕೂಲಿಯವರ ಸಭೆಗಳಿಂದ.

ಈಗ ಮಾಡಬೇಕಾದ್ದು. ಅರ್ಜಿಗೆ 10 ರೂಪಾಯಿ; ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಬರೆಯಿರಿ. ಯಾಕೆ ಕೇಳ್ತೀರಿ ಅಂತ ಕಾರಣ ಹೇಳಬೇಕಾಗಿಲ್ಲ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ ಹಾಕಿ. ಆಡಿಟ್ ಲೆಕ್ಕ, ಬಂದ ಅನುದಾನ, ಇಲಾಖೆಗೆ ಸಲ್ಲಿಸಿದ ಮಕ್ಕಳ ಹಾಜರಿ ಸಂಖ್ಯೆ, ಸಂಬಳದ ಪಟ್ಟಿ, ಈ ನಾಲ್ಕನ್ನು ಒಂದೊಂದಾಗಿ ಕೇಳಿ. 'ವೈಯಕ್ತಿಕ ಮಾಹಿತಿ' ಅಂತ ತಳ್ಳಿದರೆ ಸಾರ್ವಜನಿಕ ಹಿತ ದೊಡ್ಡದು ಅನ್ನುವ 8(2) ಕಲಮನ್ನು ಮೇಲ್ಮನವಿಯಲ್ಲಿ ತೋರಿಸಿ. ಹಾಸ್ಟೆಲಿನಲ್ಲಿರುವ ಹುಡುಗ ಹುಡುಗಿಯರ ಹೆಸರಲ್ಲಿ ಅರ್ಜಿ ಹಾಕಬೇಡಿ. ಊಟ, ಹಾಸಿಗೆ, ಪರೀಕ್ಷೆ ಅವರ ಕೈಲಿರುವಾಗ ಮಕ್ಕಳನ್ನು ಮುಂದೆ ನೂಕುವುದು ಹೋರಾಟವಲ್ಲ. ಹೊರಗಿರುವ ಹಿರಿಯರು ಸಹಿ ಹಾಕಲಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಲಿ.

ಕೊನೆಗೆ, ಮೊದಲ ಹಾಳೆ ನಮ್ಮದೇ ಇರಲಿ. ಈ ಸಭೆಗೆ ಎತ್ತಿದ ಚಂದಾ ಎಷ್ಟು, ಮೈಕಿಗೆಷ್ಟು, ಟೀಗೆಷ್ಟು, ಈ ಪತ್ರಿಕೆಯ ಸ್ಟೆನ್ಸಿಲ್ಲು ಕಾಗದಕ್ಕೆಷ್ಟು, ಇವತ್ತು ಸಂಜೆಯೊಳಗೆ ಗೋಡೆಗೆ ಅಂಟಿಸೋಣ. ಆಮೇಲೆ ಬೇರೆಯವರ ಬಾಗಿಲು ತಟ್ಟೋಣ.

ಜೈ ಭೀಮ್.