ಸರ್ಜ್: ಜೆಟ್ ಎಂಜಿನ್ನಿನಿಂದ ಇಂಧನಕೋಶದವರೆಗೆ

ಗ್ಯಾಸ್ ಟರ್ಬೈನಿನ ಕಂಪ್ರೆಸರ್ ಗಾಳಿಯನ್ನು ಕಡಿಮೆ ಒತ್ತಡದ ಕಡೆಯಿಂದ ಹೆಚ್ಚು ಒತ್ತಡದ ಕಡೆಗೆ ನೂಕುತ್ತದೆ. ಹರಿವು ಒಂದು ಮಿತಿಗಿಂತ ಇಳಿದರೆ ಅಲಗುಗಳು ಆ ಒತ್ತಡವನ್ನು ತಡೆಹಿಡಿಯಲಾರವು. ಆಚೆ ತುಂಬಿದ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಒತ್ತಡ ಇಳಿದೊಡನೆ ಹರಿವು ಮುಂದಕ್ಕೆ ತಿರುಗಿ, ಒತ್ತಡ ಏರಿದಾಗ ಮತ್ತೆ ಹಿಮ್ಮರಳುತ್ತದೆ. ಈ ಹೊಯ್ದಾಟವೇ ಸರ್ಜ್. ಅಲಗು, ಬೇರಿಂಗುಗಳಿಗೆ ಇದು ಮಾರಕ.

ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಒಳಗಿನ ಗಾಳಿ ಮಿಡಿಯುವ ಬಗೆಗೂ ಸರ್ಜಿಗೂ ಇರುವ ಸಂಬಂಧವನ್ನು 1955ರಲ್ಲಿ ಎಮ್ಮನ್ಸ್ ಮತ್ತು ಸಂಗಡಿಗರು ಗುರುತಿಸಿದರು. ಆ ವಿವರಣೆ ಹೊಯ್ದಾಟದ ಆರಂಭಕ್ಕಷ್ಟೇ ಸಾಲುತ್ತಿತ್ತು. ಪೂರ್ಣ ಸರ್ಜಿನ ಗಣಿತವನ್ನು ಕೊಟ್ಟವರು ಎಡ್ವರ್ಡ್ ಗ್ರೈಟ್ಜರ್, 1976ರಲ್ಲಿ. ಕಂಪ್ರೆಸರನ್ನು ಒಂದು ನಾಳವಾಗಿ, ಅದರಾಚೆಯ ಜಾಗವನ್ನು ಒಂದು ಕೋಣೆಯಾಗಿ, ಕೊನೆಯ ಹೊರದಾರಿಯನ್ನು ಒಂದು ಕವಾಟವಾಗಿ ಭಾವಿಸಿದ ಅವರ ಮಾದರಿಯ ಜೀವಾಳ 'ಬಿ' ಎಂಬ ಒಂದೇ ಸಂಖ್ಯೆ. ಅಲಗಿನ ವೇಗ ಹೆಚ್ಚಿದಷ್ಟೂ, ಕೋಣೆ ದೊಡ್ಡದಾದಷ್ಟೂ ಬಿ ಏರುತ್ತದೆ. ಕೋಣೆ ನಾಲ್ಕು ಪಟ್ಟಾದರೆ ಬಿ ಎರಡು ಪಟ್ಟು. ಗ್ರೈಟ್ಜರ್ ಪರೀಕ್ಷಿಸಿದ ಕಂಪ್ರೆಸರಿನಲ್ಲಿ ಬಿ ಸುಮಾರು 0.8 ದಾಟಿದಾಗ ಸರ್ಜ್ ಕಾಣಿಸಿತು. ಅದಕ್ಕಿಂತ ಕಡಿಮೆಯಿದ್ದಾಗ ಸ್ಟಾಲ್, ಅಂದರೆ ಅಲಗಿನ ಮೈಯಿಂದ ಗಾಳಿಯ ಹರಿವು ಕಳಚಿಕೊಳ್ಳುವ ಸ್ಥಿತಿ, ಅಲಗುಗಳ ನಡುವೆಯೇ ಸುತ್ತುತ್ತ ಉಳಿಯಿತು. 1981ರಲ್ಲಿ ಹ್ಯಾನ್ಸನ್ ಮತ್ತು ಸಂಗಡಿಗರು ಈ ಮಾದರಿಯನ್ನು ಸಣ್ಣ ಟರ್ಬೈನುಗಳಲ್ಲಿ ಬಳಸುವ ಅಪಕೇಂದ್ರ ಕಂಪ್ರೆಸರಿಗೂ ಹೊಂದಿಸಿದರು.

ಜೆಟ್ ಎಂಜಿನ್ನಿನಲ್ಲಿ ಆ ಕೋಣೆಯೆಂದರೆ ಚಿಕ್ಕ ದಹನಕೋಣೆ. ಗ್ಯಾಸ್ ಟರ್ಬೈನಿಗೆ, ಇಂಧನದಿಂದ ನೇರವಾಗಿ ವಿದ್ಯುತ್ ಪಡೆಯುವ ಇಂಧನಕೋಶವನ್ನು ಜೋಡಿಸಿದ ಹೈಬ್ರಿಡ್ ಸ್ಥಾವರದಲ್ಲಿ ಹಾಗಲ್ಲ. ಅಲ್ಲಿ ಕಂಪ್ರೆಸರಿಗೂ ಟರ್ಬೈನಿಗೂ ನಡುವೆ ಘನ ಆಕ್ಸೈಡ್ ಇಂಧನಕೋಶ, ಶಾಖ ವಿನಿಮಯಕಗಳು, ಉದ್ದುದ್ದ ಕೊಳವೆಗಳು ಇರುತ್ತವೆ. 2000ದ ಹೊತ್ತಿಗೆ ಸೀಮೆನ್ಸ್ ವೆಸ್ಟಿಂಗ್‌ಹೌಸ್ ಕಟ್ಟಿದ ಇಂಥ 220 ಕಿಲೋವ್ಯಾಟ್ ಘಟಕವನ್ನು ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ನಡೆಸಿದಾಗ ಸುಮಾರು ಶೇ. 53ರಷ್ಟು ದಕ್ಷತೆ ದೊರೆಯಿತು. ಇಷ್ಟು ಚಿಕ್ಕ ಸ್ಥಾವರಕ್ಕೆ ಇದು ನಿಜಕ್ಕೂ ಹಿರಿಯ ಸಾಧನೆ.

ಆದರೆ ಕೋಶವೇ ದೊಡ್ಡ ಕೋಣೆಯಾದಾಗ ಬಿ ಏರುತ್ತದೆ, ಸರ್ಜ್ ನಿಧಾನವಾಗಿ, ಆಳವಾಗಿ ಬಡಿಯುತ್ತದೆ. ತುರ್ತಾಗಿ ನಿಲ್ಲಿಸುವಾಗ ಅಪಾಯ ಇನ್ನೂ ಹೆಚ್ಚು: ಕಂಪ್ರೆಸರಿನ ತಿರುಗುವ ಅಚ್ಚು ಬೇಗ ನಿಧಾನಿಸುತ್ತದೆ, ಕೋಣೆಯ ಒತ್ತಡ ಅಷ್ಟು ಬೇಗ ಇಳಿಯುವುದಿಲ್ಲ. ಹಿಮ್ಮರಳಿದ ಗಾಳಿಯಿಂದ ಕೋಶದ ಎರಡು ಬದಿಗಳ ಒತ್ತಡ ಏರುಪೇರಾದರೆ ತೆಳುವಾದ ಸೆರಾಮಿಕ್ ಪದರ ಬಿರುಕುಬಿಡಬಹುದು.

ದುಬಾರಿ ಕೋಶವನ್ನು ಒಡೆದು ಕಲಿಯಲಾಗದು. ಅದಕ್ಕಾಗಿ ವೆಸ್ಟ್ ವರ್ಜೀನಿಯಾದ ಮಾರ್ಗನ್‌ಟೌನ್ ಪ್ರಯೋಗಾಲಯದ 'ಹೈಪರ್' ಸ್ಥಾವರದಲ್ಲಿ ಕಂಪ್ರೆಸರ್, ಟರ್ಬೈನು, ಪಾತ್ರೆಗಳನ್ನು ನಿಜವಾಗಿಯೇ ಇಟ್ಟು, ಕೋಶದ ವರ್ತನೆಯನ್ನು ಮಾತ್ರ ಕಂಪ್ಯೂಟರಿಗೆ ವಹಿಸಲಾಯಿತು. ಇಟಲಿಯ ಜಿನೋವಾ ವಿಶ್ವವಿದ್ಯಾಲಯವೂ 100 ಕಿಲೋವ್ಯಾಟ್ ಮೈಕ್ರೋಟರ್ಬೈನಿಗೆ ಪಾತ್ರೆ ಜೋಡಿಸಿ ಇಂಥದೇ ಪರೀಕ್ಷೆ ನಡೆಸಿತು. ಕಂಪ್ರೆಸರಿನ ಗಾಳಿಯಲ್ಲಿ ಒಂದು ಪಾಲನ್ನು ಕೋಶಕ್ಕೆ ಬಿಡದೆ ನೇರವಾಗಿ ಟರ್ಬೈನಿನತ್ತ ಹರಿಸಿದರೆ, ಇಲ್ಲವೇ ಹೊರಗೆ ಬಿಟ್ಟರೆ, ಸರ್ಜಿನಿಂದ ದೂರ ಉಳಿಯಬಹುದು. ಹೊರಬಿಟ್ಟ ಗಾಳಿಗೆ ದಕ್ಷತೆಯ ಬೆಲೆ ತೆರಬೇಕು. ಸ್ಥಿರಸ್ಥಿತಿಯ ಲೆಕ್ಕವನ್ನಷ್ಟೇ ನಂಬಿದ ವಿನ್ಯಾಸ ಇಲ್ಲಿ ಸಾಲದು. ಕೋಣೆಯ ಗಾತ್ರವನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕು.